ಕಾಯ್ಲೋವರ್: ಕೂರಿಸುವ ಮುನ್ನ, ಕೂರಿಸಿದ ಮೇಲೆ

ಹಿರೋಶಿಮಾದ ಮಜ್ದಾ ಕಂಪನಿ 1989ರ ಫೆಬ್ರವರಿಯಲ್ಲಿ ಶಿಕಾಗೊ ವಾಹನ ಪ್ರದರ್ಶನದಲ್ಲಿ ಮಡಚುವ ಚಾವಣಿಯ, ಎರಡೇ ಸೀಟಿನ ಪುಟ್ಟ ಕಾರೊಂದನ್ನು ಜನರ ಮುಂದಿಟ್ಟಿತು. ಅಮೆರಿಕದವರಿಗೆ ಅದು ಮಿಯಾಟಾ, ಜಪಾನಿನವರಿಗೆ ರೋಡ್‌ಸ್ಟರ್, ಉಳಿದವರಿಗೆ ಎಂಎಕ್ಸ್-5. ತೂಕ ಒಂದು ಟನ್ನಿನೊಳಗೆ, ಎಂಜಿನ್ ಮುಂದೆ, ಓಡುವುದು ಹಿಂದಿನ ಚಕ್ರಗಳ ಬಲದಿಂದ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. ಚಾವಣಿ ಮಡಚುವ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟ ಕಂಡದ್ದು ಬೇರೊಂದಿಲ್ಲ.

ಆ ಕಾರಿನ ಮೊದಲ ಎರಡು ತಲೆಮಾರುಗಳು, ಅಂದರೆ 1989ರಿಂದ 2005ರವರೆಗೆ ಬಂದ ಎನ್‌ಎ ಮತ್ತು ಎನ್‌ಬಿ, ಸಸ್ಪೆನ್ಶನ್ ಕೆಲಸ ಕಲಿಯಲು ಹೇಳಿ ಮಾಡಿಸಿದಂತಿವೆ. ನಾಲ್ಕೂ ಮೂಲೆಗಳಲ್ಲಿ ಡಬಲ್ ವಿಶ್‌ಬೋನ್. ನಾಲ್ಕೂ ಕಡೆ ಶಾಕ್ ಅಬ್ಸಾರ್ಬರ್ ಸುತ್ತಲೇ ಸ್ಪ್ರಿಂಗ್. ಕೆಳಗಿನ ಆರ್ಮುಗಳ ಬುಡದಲ್ಲಿ ಕ್ಯಾಮ್ ಬೋಲ್ಟ್‌ಗಳಿರುವುದರಿಂದ ಹಿಂದಿನ ಚಕ್ರಗಳ ಕೋನವನ್ನೂ ಬೇಕಾದಂತೆ ತಿದ್ದಬಹುದು. ಈ ಸೌಲಭ್ಯ ಎಷ್ಟೋ ದುಬಾರಿ ಕಾರುಗಳಲ್ಲೂ ಇರುವುದಿಲ್ಲ. ಅಮೆರಿಕದ ಎಸ್‌ಸಿಸಿಎ ಸಂಸ್ಥೆ ಈ ಕಾರಿಗೆಂದೇ ಸ್ಪೆಕ್ ಮಿಯಾಟಾ ಎಂಬ ಪ್ರತ್ಯೇಕ ರೇಸ್ ವರ್ಗ ನಡೆಸುತ್ತದೆ. ಜಪಾನಿನ ತ್ಸುಕುಬಾ ಟ್ರ್ಯಾಕ್‌ನಲ್ಲಿ ಪತ್ರಿಕೆಗಳ ತಂಡಗಳೇ ರೋಡ್‌ಸ್ಟರ್ ಓಡಿಸುವ ನಾಲ್ಕು ಗಂಟೆಯ ಪಂದ್ಯ 1989ರಿಂದ ನಡೆದುಬಂದಿದೆ. ಹೀಗಾಗಿ ಎತ್ತರ, ಬಿಗಿ ಎರಡನ್ನೂ ಬದಲಿಸಬಲ್ಲ ಕಾಯ್ಲೋವರ್ ಕಿಟ್‌ಗಳು ಈ ಕಾರಿಗೆ ಅಗ್ಗದಿಂದ ಹಿಡಿದು ದುಬಾರಿಯವರೆಗೆ ಹತ್ತಾರು ಬಗೆಯಲ್ಲಿ ಸಿಗುತ್ತವೆ.

ಆದರೂ ಕಿಟ್ ಹಾಕಿಸಿಕೊಂಡ ಕಾರುಗಳಲ್ಲಿ ಕಂಪನಿಯಿಂದ ಬಂದ ದಿನಕ್ಕಿಂತ ಕೆಟ್ಟದಾಗಿ ಓಡುವವು ಸಾಕಷ್ಟಿವೆ. ಅದರಲ್ಲಿ ಕಿಟ್ಟಿನ ತಪ್ಪು ಕಡಿಮೆ, ಎತ್ತರದ ತಪ್ಪು ಹೆಚ್ಚು. ಕಾರು ನೆಲಕ್ಕೆ ಹತ್ತಿರವಾದಷ್ಟೂ ಚೆಂದ ಕಾಣುತ್ತದೆ ಎಂದು ಕೈಗೆ ಸಿಕ್ಕಷ್ಟು ತಗ್ಗಿಸಿಬಿಟ್ಟರೆ, ಚಕ್ರ ಮೇಲೆ ಕೆಳಗೆ ಆಡಲು ಇದ್ದ ಜಾಗವೇ ಮುಗಿದುಹೋಗುತ್ತದೆ. ಕಾಯ್ಲೋವರ್‌ಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಆ ಜಾಗ ಉಳಿಸಿಕೊಂಡವರಿಗೆ ಮಾತ್ರ.

ಮೊದಲು ಲೆಕ್ಕ

ಸ್ಪ್ರಿಂಗಿನ ಬಿಗಿಯನ್ನು ಜಪಾನಿನ ಕಂಪನಿಗಳು ಒಂದು ಮಿಲಿಮೀಟರ್ ಅಮುಕಲು ಎಷ್ಟು ಕಿಲೊ ಭಾರ ಬೇಕು ಎಂದು ಹೇಳುತ್ತವೆ, ಅಮೆರಿಕದವರು ಒಂದು ಇಂಚಿಗೆ ಎಷ್ಟು ಪೌಂಡ್ ಎನ್ನುತ್ತಾರೆ. ಮಿಲಿಮೀಟರಿಗೆ 1 ಕಿಲೊ ಎಂದರೆ ಇಂಚಿಗೆ 56 ಪೌಂಡ್. ಎಂಎಕ್ಸ್-5ಗೆ ರಸ್ತೆ ಬಳಕೆಗೆಂದು ಬರುವ ಕಿಟ್‌ಗಳಲ್ಲಿ ಮುಂದೆ 6ರಿಂದ 8 ಕಿಲೊ, ಹಿಂದೆ 4ರಿಂದ 5 ಕಿಲೊ ಆಸುಪಾಸಿನ ಸ್ಪ್ರಿಂಗ್‌ಗಳಿರುತ್ತವೆ. ಸ್ಪೆಕ್ ಮಿಯಾಟಾ ರೇಸ್ ಕಾರಿನ ಸ್ಪ್ರಿಂಗ್‌ಗಳು ಮುಂದೆ 700 ಪೌಂಡ್, ಹಿಂದೆ 325 ಪೌಂಡ್. ನಮ್ಮ ಲೆಕ್ಕದಲ್ಲಿ ಮುಂದೆ 12.5 ಕಿಲೊ, ಹಿಂದೆ 5.8 ಕಿಲೊ. ನುಣುಪಾದ ಟ್ರ್ಯಾಕಿನ ಮೇಲೆ ಇದು ಸರಿ. ದಿನವೂ ಕೆಲಸಕ್ಕೆ ಹೋಗಿಬರುವ ಕಾರಿಗೆ ಹಾಕಿದರೆ ಬೆನ್ನಿಗೂ ಸುಖವಿಲ್ಲ, ಟಯರಿಗೂ ಹಿಡಿತವಿಲ್ಲ.

ಸ್ಪ್ರಿಂಗಿನ ಮೇಲೆ ಬರೆದ ಅಂಕಿ ಚಕ್ರಕ್ಕೆ ಹಾಗೇ ತಲುಪುವುದಿಲ್ಲ. ಸ್ಪ್ರಿಂಗ್ ಕೂತಿರುವುದು ಆರ್ಮಿನ ನಡುವೆ ಎಲ್ಲೋ, ಚಕ್ರ ಇರುವುದು ಅದರ ತುದಿಯಲ್ಲಿ. ಒಂದು ಉದಾಹರಣೆ ಹಿಡಿಯೋಣ. ಚಕ್ರ 10 ಮಿಲಿಮೀಟರ್ ಏರಿದಾಗ ಸ್ಪ್ರಿಂಗ್ 7 ಮಿಲಿಮೀಟರ್ ಅಮುಕಿದರೆ ಅನುಪಾತ 0.7. ಚಕ್ರಕ್ಕೆ ಸಿಗುವ ಬಿಗಿ ತಿಳಿಯಲು ಈ ಅನುಪಾತದ ವರ್ಗದಿಂದ ಗುಣಿಸಬೇಕು: 0.7 ಗುಣಿಸು 0.7, ಅಂದರೆ 0.49. ಹೀಗೆ 7 ಕಿಲೊ ಸ್ಪ್ರಿಂಗ್ ಚಕ್ರದ ಬಳಿ ಸುಮಾರು 3.4 ಕಿಲೊ ಮಾತ್ರ. ಆ ಮೂಲೆಯಲ್ಲಿ ಸ್ಪ್ರಿಂಗ್ ಹೊತ್ತ ಭಾರ 220 ಕಿಲೊ ಇದ್ದರೆ, ಕಾರಿನ ಮೈ ಸೆಕೆಂಡಿಗೆ ಸುಮಾರು 2 ಬಾರಿ ಕುಣಿಯುತ್ತದೆ. ಸಾಧಾರಣ ಕಾರುಗಳಲ್ಲಿ ಇದು 1ರಿಂದ 1.5, ಬಿರುಸಿನ ರಸ್ತೆ ಕಾರುಗಳಲ್ಲಿ 1.5ರಿಂದ 2, ಗಾಳಿಯ ಒತ್ತಡವನ್ನು ನೆಚ್ಚಿಕೊಳ್ಳದ ರೇಸ್ ಕಾರುಗಳಲ್ಲಿ 2ರಿಂದ 2.5. ಈ ಒಂದು ಲೆಕ್ಕ ಮಾಡಿಕೊಂಡು ಅಂಗಡಿಗೆ ಹೋದರೆ ಮಾರುವವರ ಮಾತಿಗೆ ಮರುಳಾಗುವ ಭಯವಿಲ್ಲ.

ಗೆಳೆಯರ ಬೇರೆ ಕಾರಿನಲ್ಲಿ ಚೆನ್ನಾಗಿದೆ ಎಂದು ಅದೇ ಅಂಕಿಯ ಸ್ಪ್ರಿಂಗ್ ತರುವುದು ತಪ್ಪು ಎನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ಮುಂದೆ ಮೆಕ್‌ಫರ್ಸನ್ ಸ್ಟ್ರಟ್ ಇರುವ ಕಾರುಗಳಲ್ಲಿ ಈ ಅನುಪಾತ 1ರ ಹತ್ತಿರ ಇರುತ್ತದೆ. ಅಲ್ಲಿ 7 ಕಿಲೊ ಸ್ಪ್ರಿಂಗ್ ಚಕ್ರದ ಬಳಿಯೂ ಹೆಚ್ಚುಕಡಿಮೆ 7 ಕಿಲೊ ಕೆಲಸವನ್ನೇ ಮಾಡುತ್ತದೆ.

ಎಂಥ ಕಿಟ್

ಕಾಯ್ಲೋವರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಕೆಡಬ್ಲ್ಯು ಕಂಪನಿಯ ವೇರಿಯಂಟ್ 3, ಬಿಲ್‌ಸ್ಟೈನ್ ಬಿ16 ಮೊದಲಾದವುಗಳಲ್ಲಿ ಸ್ಪ್ರಿಂಗ್ ಕೂರುವ ಬಳೆಯನ್ನು ಶಾಕಿನ ಮೈಮೇಲಿನ ಥ್ರೆಡ್‌ನಲ್ಲಿ ಮೇಲಕ್ಕೆ ಕೆಳಕ್ಕೆ ತಿರುಗಿಸಿ ಎತ್ತರ ಬದಲಿಸುತ್ತಾರೆ. ಕಾರು ಇಳಿದಷ್ಟೂ ಅಮುಕಲು ಉಳಿದ ಜಾಗ ಕಡಿಮೆಯಾಗುತ್ತದೆ. ಟೇನ್ ಫ್ಲೆಕ್ಸ್ ಝಡ್, ಬಿಸಿ ರೇಸಿಂಗ್ ಬಿಆರ್ ಮುಂತಾದವುಗಳಲ್ಲಿ ಬುಡದ ಬ್ರಾಕೆಟ್ಟೂ ತಿರುಗುತ್ತದೆ. ಅಲ್ಲಿ ಸ್ಪ್ರಿಂಗನ್ನು ಮುಟ್ಟದೆಯೇ ಇಡೀ ಶಾಕಿನ ಉದ್ದ ಹೆಚ್ಚುಕಡಿಮೆ ಮಾಡಬಹುದು.

ಎರಡನೆಯದು ಎಲ್ಲ ರೀತಿಯಲ್ಲೂ ಮೇಲು ಎಂದೇನಿಲ್ಲ. ಬ್ರಾಕೆಟ್ ತಿರುಗಿಸಿ ಎಷ್ಟು ಬೇಕಾದರೂ ಗಿಡ್ಡ ಮಾಡಬಹುದಾದ್ದರಿಂದ, ಶಾಕಿನೊಳಗೆ ಇನ್ನೂ ಜಾಗ ಇರುವಾಗಲೇ ಟಯರು ಹೋಗಿ ಚಕ್ರಗೂಡಿನ ಒಳಭಾಗಕ್ಕೆ ಬಡಿಯಬಹುದು. ಅದನ್ನು ತಡೆಯುವ ಕೆಲಸ ಕೂರಿಸುವವರದ್ದು.

ಶಾಕಿನ ಬಿಗಿ ಹೊಂದಿಸುವ ಗುಂಡಿಯಲ್ಲಿ ಎಷ್ಟು ಕ್ಲಿಕ್ ಇವೆ ಎಂಬುದನ್ನು ನೋಡಿ ಬೆಲೆ ಕಟ್ಟಬಾರದು. ಬಿಸಿ ರೇಸಿಂಗ್‌ನಲ್ಲಿ 30, ಟೇನ್ ಫ್ಲೆಕ್ಸ್ ಝಡ್‌ನಲ್ಲಿ 16, ಬಿಲ್‌ಸ್ಟೈನ್ ಬಿ16ರಲ್ಲಿ 10 ಹಂತಗಳಿವೆ. ಹತ್ತು ಹಂತಗಳದ್ದು ಮೂವತ್ತರದ್ದಕ್ಕಿಂತ ಕಡಿಮೆಯಲ್ಲ. ಪ್ರತಿ ಹಂತಕ್ಕೂ ನಿಜವಾದ ವ್ಯತ್ಯಾಸ ಇದೆಯೇ, ಎಡ ಬಲದ ಎರಡು ಶಾಕ್‌ಗಳು ಒಂದೇ ಹಂತದಲ್ಲಿ ಒಂದೇ ಬಲ ಕೊಡುತ್ತವೆಯೇ ಎನ್ನುವುದು ಮುಖ್ಯ. ಶಾಕಿನ ಬಲ ಅಳೆಯುವ ಡೈನೊ ಯಂತ್ರದ ಮೇಲೆ ಓಡಿಸಿದ ಗ್ರಾಫ್ ಕೊಡುವ ಮಾರಾಟಗಾರರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಗುಂಡಿ ತಿರುಗಿಸಿದಾಗ ಏನು ಬದಲಾಗುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು. ಬಿ16ರಂಥವುಗಳಲ್ಲಿ ಒಂದೇ ಗುಂಡಿ ಕಂಪ್ರೆಶನ್ ಮತ್ತು ರಿಬೌಂಡ್ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ. ಕೆಡಬ್ಲ್ಯು ವೇರಿಯಂಟ್ 3ರಲ್ಲಿ ಎರಡಕ್ಕೂ ಬೇರೆಬೇರೆ ಗುಂಡಿ. ಚಕ್ರ ಮೇಲೇರುವಾಗ ತಡೆಯುವುದು ಕಂಪ್ರೆಶನ್, ಅಮುಕಿದ ಸ್ಪ್ರಿಂಗ್ ಮತ್ತೆ ಚಾಚುವಾಗ ಅದರ ಓಟಕ್ಕೆ ಲಗಾಮು ಹಾಕುವುದು ರಿಬೌಂಡ್. ಹೊಸಬರಿಗೆ ಒಂದೇ ಗುಂಡಿಯ ಕಿಟ್ಟೇ ಒಳ್ಳೆಯದು. ದಾರಿ ತಪ್ಪುವ ಅವಕಾಶ ಅಲ್ಲಿ ಕಡಿಮೆ.

ಬಿಚ್ಚುವ ಕೆಲಸ

ಹಳೆಯ ಎಂಎಕ್ಸ್-5ನಲ್ಲಿ ಕಷ್ಟ ಇರುವುದು ಹೊಸದನ್ನು ಹಾಕುವುದರಲ್ಲಲ್ಲ, ಹಳೆಯದನ್ನು ಬಿಚ್ಚುವುದರಲ್ಲಿ. ಬ್ರಿಟನ್ ಅಥವಾ ಅಮೆರಿಕದ ಹಿಮ ಸೀಮೆಗಳಲ್ಲಿ ಚಳಿಗಾಲ ಬಂತೆಂದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಓಡಿದ ಕಾರಿನ ಕ್ಯಾಮ್ ಬೋಲ್ಟ್‌ಗಳು ಬುಷ್ ಒಳಗಿನ ಕಬ್ಬಿಣದ ತೋಳಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಹಿಂದಿನ ಚಕ್ರದ ಬುಡದಲ್ಲಿರುವ ಉದ್ದ ಬೋಲ್ಟಿನದೂ ಇದೇ ಕಥೆ. ಕೆಲಸ ಹಿಡಿಯುವ ಮೂರು ನಾಲ್ಕು ದಿನ ಮುಂಚಿನಿಂದಲೇ ತುಕ್ಕು ಸಡಿಲಿಸುವ ಎಣ್ಣೆಯನ್ನು ದಿನಕ್ಕೊಮ್ಮೆ ಬಿಡುತ್ತಾ ಬಂದರೆ ಅರ್ಧ ಗೆದ್ದಂತೆ. ಹೊಸ ಬೋಲ್ಟುಗಳನ್ನು ಮೊದಲೇ ತರಿಸಿಟ್ಟುಕೊಂಡಿರಬೇಕು. ಶನಿವಾರ ಸಂಜೆ ಬೋಲ್ಟು ಮುರಿದರೆ ಸೋಮವಾರದವರೆಗೆ ಕಾರು ಅಲ್ಲೇ ನಿಂತಿರುತ್ತದೆ.

ಗಟ್ಟಿ ನೆಲದ ಮೇಲೆ ಕಾರನ್ನು ಎತ್ತಿ ನಾಲ್ಕೂ ಕಡೆ ಜಾಕ್ ಸ್ಟ್ಯಾಂಡ್ ಕೊಡಬೇಕು. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈ ಹಾಕಬಾರದು. ಎತ್ತುವ ಮುಂಚೆಯೇ ಪ್ರತಿ ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಬೇಕು. ಈ ಅಳತೆಯನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ತೆಗೆದುಕೊಳ್ಳಬೇಕು. ನೆಲದಿಂದ ಅಳೆದರೆ ಟಯರಿನ ಸವಕಲು, ಗಾಳಿ ಎಲ್ಲವೂ ಲೆಕ್ಕದಲ್ಲಿ ಸೇರಿಕೊಳ್ಳುತ್ತವೆ.

ಮುಂದಿನ ಶಾಕ್ ಕಳಚಲು ಎರಡೂ ಬದಿಯ ಸ್ಟೆಬಿಲೈಸರ್ ಬಾರ್ ಲಿಂಕ್ ಬಿಡಿಸಿ, ಶಾಕಿನ ಕೆಳಗಿನ ಬೋಲ್ಟ್ ತೆಗೆದು, ಬಾನೆಟ್ ಒಳಗೆ ಕಾಣುವ ಮೇಲಿನ ಎರಡು ನಟ್‌ಗಳನ್ನು ಸಡಿಲಿಸಬೇಕು. ಆಮೇಲೂ ಶಾಕ್ ಹೊರಬರಲು ಜಾಗ ಸಾಲದು. ಮೇಲಿನ ವಿಶ್‌ಬೋನಿನ ಉದ್ದ ಬೋಲ್ಟನ್ನು ಎಳೆದು ತೆಗೆದರೆ ದಾರಿ ಸುಗಮ. ಆ ಬೋಲ್ಟಿಗೂ ಚಕ್ರದ ಅಲೈನ್‌ಮೆಂಟಿಗೂ ಸಂಬಂಧವಿಲ್ಲ. ಕ್ಯಾಮ್‌ಗಳಿರುವುದು ಕೆಳಗಿನ ಆರ್ಮಿನಲ್ಲಿ. ಆಗ ಹಬ್ಬಿನ ಭಾರವೆಲ್ಲ ಬ್ರೇಕಿನ ರಬ್ಬರ್ ಕೊಳವೆಯ ಮೇಲೆ ಜೋತುಬೀಳದಂತೆ ತಂತಿಯಿಂದ ಕಟ್ಟಿಡಬೇಕು. ಹಿಂದಿನ ಶಾಕ್‌ಗಳ ತಲೆಯ ನಟ್‌ಗಳು ಡಿಕ್ಕಿಯೊಳಗೆ, ಬದಿಯ ಹೊದಿಕೆಯ ಹಿಂದೆ ಇವೆ. ಈ ಕಾರಿನ ಬ್ಯಾಟರಿಯೂ ಡಿಕ್ಕಿಯಲ್ಲೇ ಇರುವುದರಿಂದ ಮೊದಲು ಅದರ ಕನೆಕ್ಷನ್ ಕಳಚುವುದು ಕ್ಷೇಮ.

ಶಾಕಿನ ತಲೆಯನ್ನು ಕಾರಿನ ಮೈಗೆ ಹಿಡಿಸುವ ಹಳೆಯ ತಲೆಬಟ್ಟಲನ್ನೇ (ಟಾಪ್ ಮೌಂಟ್) ಹೊಸ ಕಿಟ್ಟಿಗೆ ಬಳಸಬೇಕಾಗಿದ್ದರೆ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಒತ್ತಿಹಿಡಿದ ಸ್ಪ್ರಿಂಗ್ ಚಿಮ್ಮಿದರೆ ಕೈ ಮುರಿಯುವುದಷ್ಟೇ ಅಲ್ಲ, ಜೀವಕ್ಕೂ ಅಪಾಯ. ಅನುಭವವಿಲ್ಲದವರು ಈ ಒಂದು ಹಂತವನ್ನು ಗ್ಯಾರೇಜಿನಲ್ಲೇ ಮಾಡಿಸಬೇಕು. ಎನ್‌ಎ ಕಾರಿನವರು ಇದೇ ಸಮಯದಲ್ಲಿ ಎನ್‌ಬಿ ಕಾರಿನ ತಲೆಬಟ್ಟಲು ಹುಡುಕುವುದುಂಟು. ಅದನ್ನು ಹಾಕಿದರೆ ಶಾಕ್ ಆಡಲು ಇನ್ನಷ್ಟು ಜಾಗ ಸಿಗುತ್ತದೆ, ಮೊದಲ ತಲೆಮಾರಿನ ಕಾರಿಗೆ ಅದರ ಕೊರತೆ ಇದ್ದೇ ಇದೆ.

ಸ್ಪ್ರಿಂಗ್ ಇಲ್ಲದೆ ಒಮ್ಮೆ

ಕಿಟ್ ಪೆಟ್ಟಿಗೆ ಬಿಚ್ಚಿದ ಕೂಡಲೇ ಎಲ್ಲ ಜೋಡಿಸಿ ಕಾರಿಗೆ ಕಚ್ಚಿಸುವ ಆತುರ ಯಾರಿಗೂ ಸಹಜ. ಅದಕ್ಕೆ ಮುಂಚೆ ಮಾಡಬೇಕಾದ ಒಂದು ಪರೀಕ್ಷೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಸ್ಪ್ರಿಂಗ್ ತೆಗೆದು ಬರೀ ಶಾಕ್ ಮತ್ತು ಬಂಪ್ ಸ್ಟಾಪ್ ಮಾತ್ರ ಕೂರಿಸಿ, ಚಕ್ರ ಹಾಕಿ, ಹಬ್ಬಿನ ಕೆಳಗೆ ಜಾಕ್ ಇಟ್ಟು ನಿಧಾನವಾಗಿ ಮೇಲೆತ್ತುವುದು. ಬಂಪ್ ಸ್ಟಾಪ್ ಚೆನ್ನಾಗಿ ಅಮುಕುವವರೆಗೂ ಎತ್ತಿ, ಟಾರ್ಚ್ ಬಿಟ್ಟು ನೋಡಬೇಕು. ಟಯರು ಎಲ್ಲಾದರೂ ತಾಗುತ್ತಿದೆಯೇ? ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ? ಬ್ರೇಕ್ ಕೊಳವೆ, ಎಬಿಎಸ್ ತಂತಿ ಎಳೆದುಕೊಳ್ಳುತ್ತಿವೆಯೇ? ಟಯರು ತಾಗುವ ಮೊದಲೇ ಬಂಪ್ ಸ್ಟಾಪ್ ಕೆಲಸ ಮುಗಿಸುವಂತೆ ಬ್ರಾಕೆಟ್ಟಿನ ಉದ್ದ ಹೊಂದಿಸಿ ಗುರುತು ಹಾಕಿಕೊಂಡರೆ, ಮುಂದೆ ಯಾವ ಹಳ್ಳಕ್ಕೆ ಬಿದ್ದರೂ ಫೆಂಡರ್ ಹರಿಯುವುದಿಲ್ಲ.

ಬಂಪ್ ಸ್ಟಾಪ್ ಎಂದರೆ ಶಾಕಿನ ದಂಡಕ್ಕೆ ಪೋಣಿಸಿದ ಚಿಕ್ಕ ಫೋಮ್ ತುಂಡು. ಅದನ್ನು ಕತ್ತರಿಸಿ ಎಸೆದರೆ ಇನ್ನಷ್ಟು ತಗ್ಗಿಸಬಹುದು ಎಂಬ ಸಲಹೆ ಕೊಡುವವರಿದ್ದಾರೆ, ಕೇಳಬಾರದು. ಎಂಎಕ್ಸ್-5ನಂಥ ಕಡಿಮೆ ಆಟದ ಸಸ್ಪೆನ್ಶನ್‌ನಲ್ಲಿ ಅದು ಎರಡನೇ ಸ್ಪ್ರಿಂಗಿನ ಹಾಗೆಯೇ ಕೆಲಸ ಮಾಡುತ್ತದೆ. ಅದಿಲ್ಲದಿದ್ದರೆ ಲೋಹಕ್ಕೆ ಲೋಹ ಬಡಿದು ಶಾಕಿನ ಒಳಗಿನ ಪಿಸ್ಟನ್ ಹಾಳಾಗುತ್ತದೆ.

ಇನ್ನು ಸ್ಪ್ರಿಂಗ್ ಕೂರಿಸುವಾಗ ಬಳೆಯನ್ನು ಸ್ಪ್ರಿಂಗ್ ಅಲುಗಾಡದಷ್ಟು ಮೇಲೆ ತಂದು, ತಯಾರಕರು ಹೇಳಿದ ಕೆಲವು ಮಿಲಿಮೀಟರ್ ಪ್ರೀಲೋಡ್, ಅಂದರೆ ಭಾರ ಬೀಳುವ ಮುಂಚಿನ ಅಮುಕು, ಕೊಟ್ಟು ಬಿಗಿದರೆ ಸಾಕು. ಪ್ರೀಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಒಂದೇ ಸಮನಾದ ಸುರುಳಿಯ ಸ್ಪ್ರಿಂಗಿನ ಬಿಗಿ ಅದರಿಂದ ಬದಲಾಗದು. 7 ಕಿಲೊ ಸ್ಪ್ರಿಂಗ್ 7 ಕಿಲೊ ಸ್ಪ್ರಿಂಗಾಗಿಯೇ ಉಳಿಯುತ್ತದೆ. ಬದಲಾಗುವುದು ಕಾರಿನ ಎತ್ತರ ಮತ್ತು ಚಕ್ರ ಕೆಳಗೆ ಚಾಚಲು ಉಳಿಯುವ ಜಾಗ. ಕಾರನ್ನು ಎತ್ತಿದಾಗ ಸ್ಪ್ರಿಂಗ್ ಲೊಡಲೊಡ ಅಲುಗಾಡುತ್ತಿದ್ದರೆ ಜಪಾನಿನ ವಾಹನ ತಪಾಸಣೆಯಲ್ಲಿ ಕಾರು ಫೇಲಾಗುತ್ತದೆ. ನೆಲದಿಂದ 9 ಸೆಂಟಿಮೀಟರಿಗಿಂತ ಕೆಳಗಿದ್ದರೂ ಅಷ್ಟೇ. ಜರ್ಮನಿಯಲ್ಲಿ ಕಿಟ್ಟಿಗೆ ಪರೀಕ್ಷಾ ಸಂಸ್ಥೆಯ ಕಾಗದವಿಲ್ಲದೆ ರಸ್ತೆಗಿಳಿಸುವಂತಿಲ್ಲ.

ಶಾಕಿನ ತಲೆಯ ನಡುವಿನ ನಟ್ ಬಿಗಿಯಲು ಇಂಪ್ಯಾಕ್ಟ್ ಗನ್ ಬಳಸಬಾರದು. ದಂಡ ಗಿರಗಿರನೆ ಸುತ್ತಿ ಒಳಗಿನ ಸೀಲು, ವಾಲ್ವು ಹಾಳಾಗಬಹುದು. ಕೈ ಪಾನಾ ಹಿಡಿದು ದಂಡ ತಿರುಗದಂತೆ ಅಲೆನ್ ಕೀ ಕೊಟ್ಟು ಬಿಗಿಯುವುದೇ ಸರಿಯಾದ ಕ್ರಮ.

ಎಲ್ಲ ಜೋಡಿಸಿದ ಮೇಲೆ ಆರ್ಮುಗಳ ಬುಷ್ ಬೋಲ್ಟ್‌ಗಳನ್ನು ಗಾಳಿಯಲ್ಲಿ ನೇತಾಡುವಾಗಲೇ ಬಿಗಿದುಬಿಡುವುದು ಗ್ಯಾರೇಜುಗಳಲ್ಲೂ ಕಾಣುವ ತಪ್ಪು. ಕಂಪನಿ ಬುಷ್‌ನ ರಬ್ಬರು ಒಳಗಿನ ಮತ್ತು ಹೊರಗಿನ ಲೋಹಕ್ಕೆ ಅಂಟಿಕೊಂಡಿರುತ್ತದೆ. ಚಕ್ರ ನೇತಾಡುವಾಗ ಬಿಗಿದರೆ, ಕಾರು ಕೆಳಗಿಳಿದ ಮೇಲೆ ಆ ರಬ್ಬರು ಒದ್ದೆ ಬಟ್ಟೆ ಹಿಂಡಿದ ಹಾಗೆ ಸದಾ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ, ಹರಿಯುವವರೆಗೆ ಎತ್ತರದ ಅಳತೆಯನ್ನೂ ಸುಳ್ಳು ಮಾಡುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಕೂತಾಗ, ಹೊಸ ಎತ್ತರದಲ್ಲಿ, ಈ ಬೋಲ್ಟ್‌ಗಳನ್ನೆಲ್ಲ ಒಮ್ಮೆ ಸಡಿಲಿಸಿ ಟಾರ್ಕ್ ರೆಂಚಿನಲ್ಲಿ ಸರ್ವಿಸ್ ಮ್ಯಾನ್ಯುವಲ್ ಹೇಳಿದಷ್ಟು ಬಿಗಿಯಬೇಕು. ಚಕ್ರದ ನಟ್‌ಗಳಿಗೆ ಈ ಕಾರಿನಲ್ಲಿ ಸುಮಾರು 90ರಿಂದ 117 ನ್ಯೂಟನ್ ಮೀಟರ್.

ಎತ್ತರ, ಭಾರ, ಕೋನ

ಎಷ್ಟು ತಗ್ಗಿಸಬೇಕು? ರಸ್ತೆಯ ಕಾರಿಗೆ ಕಂಪನಿ ಎತ್ತರಕ್ಕಿಂತ 20ರಿಂದ 25 ಮಿಲಿಮೀಟರ್ ಒಳ್ಳೆಯ ಶುರು. ಕೆಳಗಿನ ಆರ್ಮಿನ ಹೊರತುದಿ ಒಳತುದಿಗಿಂತ ಮೇಲಕ್ಕೆ ಹೋಗುವಷ್ಟು ಇಳಿಸಿದರೆ ಕಾರು ತಿರುವಿನಲ್ಲಿ ಹೊರಳುವ ಕೇಂದ್ರವೂ ಕುಸಿದು, ಕಾರು ಇನ್ನೂ ಹೆಚ್ಚು ವಾಲತೊಡಗುತ್ತದೆ. ಆ ವಾಲುವಿಕೆ ತಡೆಯಲು ಮತ್ತಷ್ಟು ಬಿಗಿ ಸ್ಪ್ರಿಂಗ್, ಅದಕ್ಕೆ ಹೊಂದುವ ಬೇರೆ ಶಾಕ್, ಹೀಗೆ ಖರ್ಚು ಬೆಳೆಯುತ್ತಲೇ ಹೋಗುತ್ತದೆ.

ಟ್ರ್ಯಾಕಿಗೆ ಹೋಗುವವರು ನಾಲ್ಕು ಚಕ್ರಗಳ ತೂಕವನ್ನೂ ಬೇರೆಬೇರೆಯಾಗಿ ನೋಡಬೇಕು. ಇದಕ್ಕೆ ನಾಲ್ಕು ತಕ್ಕಡಿ ಹಲಗೆಗಳ ಸೆಟ್ ಇರುವ ರೇಸ್ ಗ್ಯಾರೇಜ್ ಬೇಕು. ಸೀಟಿನಲ್ಲಿ ಓಡಿಸುವವರು ಅಥವಾ ಅಷ್ಟೇ ತೂಕದ ಮೂಟೆ, ಅರ್ಧ ಟ್ಯಾಂಕ್ ಪೆಟ್ರೋಲು, ಸರಿಯಾದ ಗಾಳಿ, ಒಂದು ಬದಿ ಕಳಚಿದ ಸ್ಟೆಬಿಲೈಸರ್ ಲಿಂಕ್, ಇಷ್ಟು ತಯಾರಿ. ಬಲಗಡೆ ಸ್ಟಿಯರಿಂಗ್ ಇರುವ ಕಾರಿನಲ್ಲಿ ಮುಂದೆ ಬಲಕ್ಕೆ 275, ಎಡಕ್ಕೆ 255, ಹಿಂದೆ ಬಲಕ್ಕೆ 250, ಎಡಕ್ಕೆ 260 ಕಿಲೊ ಬಂತೆನ್ನೋಣ. ಒಟ್ಟು 1040. ಮುಂದಿನ ಬಲ ಮತ್ತು ಹಿಂದಿನ ಎಡ ಕೂಡಿದರೆ 535, ಅಂದರೆ 51.4 ಶೇಕಡ. ಗುರಿ 50. ಹೆಚ್ಚು ಭಾರ ಹೊತ್ತ ಈ ಎರಡು ಮೂಲೆಗಳ ಬಳೆಯನ್ನು ಅರ್ಧ ಸುತ್ತು ಇಳಿಸಿ, ಇನ್ನೆರಡು ಮೂಲೆಗಳನ್ನು ಅರ್ಧ ಸುತ್ತು ಏರಿಸಿ ಮತ್ತೆ ತೂಗಬೇಕು. ನಾಲ್ಕನ್ನೂ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಕಾರಿನ ಒಟ್ಟು ಎತ್ತರ ಕೆಡುವುದಿಲ್ಲ. ಈ ಭಾರದ ಹಂಚಿಕೆ ಸರಿಯಿಲ್ಲದ ಕಾರು ಎಡ ತಿರುವಿನಲ್ಲಿ ಒಂದು ರೀತಿ, ಬಲ ತಿರುವಿನಲ್ಲಿ ಇನ್ನೊಂದು ರೀತಿ ನಡೆದುಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಮುಂದಿನ ಒಂದು ಚಕ್ರ ಮೊದಲೇ ಲಾಕ್ ಆಗುತ್ತದೆ.

ಅಲೈನ್‌ಮೆಂಟ್ ಮಾಡಿಸುವುದು ಇದೆಲ್ಲ ಮುಗಿದ ಮೇಲೆ. ಎತ್ತರ ಬದಲಾದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಟೋ (ಮೇಲಿನಿಂದ ನೋಡಿದಾಗ ಚಕ್ರದ ಒಳಮುಖ ಅಥವಾ ಹೊರಮುಖ ತಿರುವು) ಎರಡೂ ತಾವಾಗಿಯೇ ಬದಲಾಗುತ್ತವೆ. ರಸ್ತೆ ಬಳಕೆಯ ಎಂಎಕ್ಸ್-5ಗೆ ಮುಂದೆ ಒಂದು ಡಿಗ್ರಿ ಚಿಲ್ಲರೆ, ಹಿಂದೆ ಒಂದೂವರೆ ಡಿಗ್ರಿಯ ಆಸುಪಾಸು ಒಳವಾಲಿನ ಕ್ಯಾಂಬರ್, ಸುಮಾರು 5 ಡಿಗ್ರಿ ಕ್ಯಾಸ್ಟರ್ (ಸ್ಟಿಯರಿಂಗ್ ಅಕ್ಷದ ಹಿಂವಾಲು), ಮುಂದೆ ಹೆಚ್ಚುಕಡಿಮೆ ಸೊನ್ನೆ ಟೋ, ಹಿಂದೆ ತುಸು ಒಳಮುಖ ಟೋ. ಟ್ರ್ಯಾಕಿಗೆ ಕ್ಯಾಂಬರ್ 2ರಿಂದ 3 ಡಿಗ್ರಿಯವರೆಗೂ ಹೋಗುತ್ತದೆ. ಹಿಂದಿನ ಚಕ್ರಗಳಿಗೆ ಹೊರಮುಖ ಟೋ ಬಂದರೆ ಈ ಹಗುರ ಕಾರು ಮಳೆಯಲ್ಲಿ ಗಿರಕಿ ಹೊಡೆಯಲು ಹೆಚ್ಚು ಹೊತ್ತು ಬೇಡ. ಹೆಡ್‌ಲೈಟಿನ ದಿಕ್ಕನ್ನೂ ಆಗಲೇ ಸರಿಮಾಡಿಸಿಕೊಳ್ಳಬೇಕು.

ಕ್ಲಿಕ್ ಎಣಿಸುವ ಕೆಲಸ

ಶಾಕಿನ ಹೊಳೆಯುವ ದಂಡಕ್ಕೆ ಒಂದು ಚಿಕ್ಕ ಪ್ಲಾಸ್ಟಿಕ್ ಟ್ಯಾಗ್ ಕಟ್ಟಿ, ಸೀಲಿನ ತನಕ ಕೆಳಗೆ ತಳ್ಳಿಟ್ಟು ಓಡಿಸಿಕೊಂಡು ಬಂದರೆ, ಅದು ದಂಡದ ಮೇಲೆ ಎಲ್ಲಿಗೆ ಸರಿದು ನಿಂತಿದೆ ಎಂಬುದು ಸಸ್ಪೆನ್ಶನ್ ಎಷ್ಟು ಆಡಿತು ಎಂದು ಹೇಳುತ್ತದೆ. ಎರಡು ರೂಪಾಯಿಯ ಈ ಟ್ಯಾಗ್ ಹೇಳುವಷ್ಟು ಸತ್ಯವನ್ನು ಓಡಿಸಿದವರ ಬೆನ್ನೂ ಹೇಳಲಾರದು. ಮಾಮೂಲಿ ರಸ್ತೆಯಲ್ಲೇ ಅದು ಬಂಪ್ ಸ್ಟಾಪಿನೊಳಗೆ ಆಳಕ್ಕೆ ಹೋಗಿ ಹೂತಿದ್ದರೆ, ಗುಂಡಿ ತಿರುಗಿಸುವುದರಿಂದ ಪ್ರಯೋಜನವಿಲ್ಲ. ಮೊದಲು ಕಾರನ್ನು ಎತ್ತರಿಸಬೇಕು, ಇಲ್ಲವೇ ಸ್ಪ್ರಿಂಗ್ ಬದಲಿಸಬೇಕು.

ಎತ್ತರ ಸರಿಯಿದ್ದರೆ ಹೊಂದಿಸುವ ಕೆಲಸ ಶುರು. ಗುಂಡಿಯನ್ನು ಪೂರ್ತಿ ಬಿಗಿಯ ತುದಿಗೆ ಮೆಲ್ಲಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುವುದು ವಾಡಿಕೆ. ತುದಿಯಲ್ಲಿ ಬಲವಂತ ಮಾಡಿದರೆ ಒಳಗಿನ ಸೂಜಿ ಹಾಳು. ನಾಲ್ಕನ್ನೂ ನಡು ಹಂತಕ್ಕೆ ತಂದು, ಚೆನ್ನಾಗಿ ಪರಿಚಯವಿರುವ ಒಂದೇ ರಸ್ತೆಯಲ್ಲಿ, ತಣ್ಣಗಿನ ಟಯರಿಗೆ ಅದೇ ಗಾಳಿ ಹಾಕಿ ಓಡಿಸಿ ನೋಡಬೇಕು. ದಿಬ್ಬ ದಾಟಿದ ಮೇಲೂ ಮೂತಿ ಎರಡು ಮೂರು ಸಲ ತೇಲಿದರೆ ರಿಬೌಂಡ್ ಸಾಲದು. ಚಿಕ್ಕ ಚಿಕ್ಕ ಉಬ್ಬುಗಳಲ್ಲೂ ಸೀಟು ಕೆಳಗಿನಿಂದ ಗುದ್ದಿದಂತಾದರೆ ಕಂಪ್ರೆಶನ್ ಹೆಚ್ಚಾಯಿತು. ಸಾಲುಸಾಲು ಉಬ್ಬುಗಳ ಮೇಲೆ ಹೋಗುತ್ತಾ ಕಾರು ಕ್ರಮೇಣ ಕುಸಿದು, ಕೊನೆಗೆ ಬಂಡೆಯ ಹಾಗೆ ಬಡಿಯತೊಡಗಿದರೆ ರಿಬೌಂಡ್ ಅತಿಯಾಗಿದೆ. ಸ್ಪ್ರಿಂಗಿಗೆ ಚಾಚಿಕೊಳ್ಳಲು ಪುರಸತ್ತೇ ಸಿಗುತ್ತಿಲ್ಲ ಎಂದರ್ಥ. ಈ ಕೊನೆಯದನ್ನೇ ಜನ ಸ್ಪ್ರಿಂಗ್ ಬಿಗಿಯಾಯಿತು ಎಂದು ತಪ್ಪು ತಿಳಿಯುತ್ತಾರೆ.

ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಎಡ ಬಲ ಎರಡಕ್ಕೂ ಸಮ. 30 ಹಂತದ ಕಿಟ್ಟಿನಲ್ಲಿ ನಾಲ್ಕು ಕ್ಲಿಕ್, 10ರದ್ದರಲ್ಲಿ ಒಂದು. ಬದಲಿಸಿದ್ದನ್ನೂ ಅನಿಸಿದ್ದನ್ನೂ ಆಗಲೇ ಬರೆದಿಡಬೇಕು.

ಶಾಕ್ ಕೆಲಸ ಮಾಡುವುದು ಕಾರು ಚಲನೆ ಬದಲಿಸುವಾಗ: ಬ್ರೇಕ್ ಒತ್ತಿ ತಿರುವಿಗೆ ನುಗ್ಗುವಾಗ, ತಿರುವಿನಿಂದ ಹೊರಬೀಳಲು ಆಕ್ಸಿಲರೇಟರ್ ಒತ್ತುವಾಗ. ಉದ್ದ ತಿರುವಿನ ನಡುವೆ ಕಾರು ಒಂದೇ ವಾಲಿನಲ್ಲಿ ನಿಂತಿರುವಾಗ ಮೂತಿ ಹೊರಕ್ಕೆ ಜಾರುತ್ತಿದ್ದರೆ ಕ್ಲಿಕ್ ಎಣಿಸಿ ಫಲವಿಲ್ಲ. ಅಲ್ಲಿ ಬೇಕಾದದ್ದು ಮುಂದಿನ ಕ್ಯಾಂಬರ್, ಸ್ಟೆಬಿಲೈಸರ್ ಬಾರ್ ಅಥವಾ ಸ್ಪ್ರಿಂಗ್. ಟ್ರ್ಯಾಕಿನಿಂದ ಬಂದ ಕೂಡಲೇ ಟಯರಿನ ಒಳಅಂಚು, ನಡು, ಹೊರಅಂಚಿನ ಶಾಖ ಅಳೆದರೆ ಉತ್ತರ ಸಿಗುತ್ತದೆ. ಒಳಅಂಚು ಹೊರಅಂಚಿಗಿಂತ 5ರಿಂದ 10 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದರೆ ಸರಿ. ಹೊರಅಂಚೇ ಹೆಚ್ಚು ಬಿಸಿಯಾಗಿದ್ದರೆ ಕ್ಯಾಂಬರ್ ಸಾಲದು.

ಕರ್ನಾಟಕದ ಓದುಗರಿಗೆ

ಎಂಎಕ್ಸ್-5 ಭಾರತದ ಶೋರೂಮುಗಳಿಗೆ ಬಂದದ್ದೇ ಇಲ್ಲ. ಇಲ್ಲಿ ಕಾಯ್ಲೋವರ್ ಕಾಣುವುದು ಹೆಚ್ಚಾಗಿ ಪೋಲೊ, ಸಿವಿಕ್‌ನಂಥ ಕಾರುಗಳಲ್ಲಿ. ಅಳೆಯುವ, ಬರೆದಿಡುವ, ಒಂದೊಂದಾಗಿ ಬದಲಿಸುವ ಕ್ರಮ ಅಲ್ಲಿಗೂ ಅದೇ. ಆದರೆ ಎರಡು ಸಂಗತಿ ಗಮನದಲ್ಲಿರಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆ ಹಂಪ್ 10 ಸೆಂಟಿಮೀಟರ್ ಎತ್ತರ ಇರಬೇಕು. ಊರೂರಿನ ಹಂಪ್‌ಗಳು ಈ ಅಳತೆಗೆ ಸಿಗುವುದಿಲ್ಲವೆಂಬುದು ಕಾರಿನ ತಳ ಒಮ್ಮೆ ಉಜ್ಜಿದವರಿಗೆಲ್ಲ ಗೊತ್ತು. ಎರಡನೆಯದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಕಿಟ್ ಕೊಳ್ಳುವ ಮುನ್ನ ಆರ್‌ಟಿಒ ಮತ್ತು ವಿಮಾ ಕಂಪನಿಯಲ್ಲಿ ವಿಚಾರಿಸುವುದು ಒಳ್ಳೆಯದು. ವೇಗದ ಪರೀಕ್ಷೆಗೆ ಬೆಂಗಳೂರಿನವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಟ್ರ್ಯಾಕ್‌ಗಳಿವೆ. ಊರ ರಸ್ತೆ ಅದಕ್ಕೆ ಜಾಗವಲ್ಲ.

ಮಂಗಳೂರು, ಕಾರವಾರದ ಕಡೆಯವರು ಉಪ್ಪುಗಾಳಿಯ ಕಾರಣಕ್ಕೆ ಶಾಕಿನ ಥ್ರೆಡ್‌ಗಳನ್ನು ಮಳೆಗಾಲದ ಮುಂಚೆ, ಆಮೇಲೆ ತೊಳೆದು, ಒರೆಸಿ, ತಯಾರಕರು ಹೇಳಿದ ಲೇಪ ಹಚ್ಚಬೇಕು. ಒಮ್ಮೆ ಬಳೆ ಹಿಡಿದುಕೊಂಡರೆ ಎತ್ತರ ಬದಲಿಸಬಲ್ಲ ಕಿಟ್ ಎಂಬ ಹೆಸರಷ್ಟೇ ಉಳಿಯುತ್ತದೆ.

ಕೂರಿಸಿ 200 ಕಿಲೊಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟ್, ಲಾಕ್ ಬಳೆಗಳನ್ನು ಮತ್ತೆ ನೋಡಬೇಕು. ಹೊಸ ಸ್ಪ್ರಿಂಗ್ ತುಸು ಕೂತಿರುತ್ತದೆ, ಹಾಗಾಗಿ ಎತ್ತರವನ್ನೂ ಇನ್ನೊಮ್ಮೆ ಅಳೆಯಬೇಕು. ಶಾಕಿನೊಳಗಿನ ಎಣ್ಣೆ, ಸೀಲು ಸವೆಯುವ ವಸ್ತುಗಳು. ಅವನ್ನು ಬಿಚ್ಚಿ ಹೊಸದು ಮಾಡಿಕೊಡುವವರು ಯಾರು, ಎಲ್ಲಿದ್ದಾರೆ, ಬಿಡಿಭಾಗ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಿಟ್ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ. ರಸ್ತೆಯಲ್ಲಷ್ಟೇ ಓಡಿಸುವವರಿಗೆ, ಎತ್ತರ ಬದಲಿಸುವ ಅಗತ್ಯ ಬೀಳದವರಿಗೆ ಒಳ್ಳೆಯ ಶಾಕ್ ಮತ್ತು ಅದಕ್ಕೆ ಹೊಂದುವ ತುಸು ಬಿಗಿ ಸ್ಪ್ರಿಂಗ್ ಸಾಕು. ಉಳಿದ ಹಣಕ್ಕೆ ಒಳ್ಳೆಯ ಟಯರ್ ಹಾಕಿಸಿಕೊಳ್ಳಿ.